ಪುಟ್ಟ ಕೋಣೆಯ ಬೆಂಕಿ: ಒಯ್ಯಬಲ್ಲ ಹೀಟರಿನ ನಾಲ್ಕು ಶತಮಾನ

ಕಾರಿನ ಹಿಂದೆ ಕೊಕ್ಕೆ ಹಾಕಿ ಎಳೆದೊಯ್ಯುವ ಚಕ್ರದ ಮನೆಯನ್ನು ಅಮೆರಿಕದವರು ಟ್ರೈಲರ್ ಎನ್ನುತ್ತಾರೆ, ಬ್ರಿಟನ್ನಿನವರು ಕ್ಯಾರವಾನ್ ಎನ್ನುತ್ತಾರೆ. ಒಳಗೆ ಎರಡು ಮಂಚ, ಒಂದು ಮೇಜು, ಅಡುಗೆಗೊಂದು ಕಟ್ಟೆ ಇರುತ್ತದೆ. ಕಾಡಿನ ಅಂಚಿನಲ್ಲೋ ಸರೋವರದ ದಡದಲ್ಲೋ ಅದನ್ನು ನಿಲ್ಲಿಸಿ ರಾತ್ರಿ ಕಳೆಯುವ ಹವ್ಯಾಸ ಆ ದೇಶಗಳಲ್ಲಿ ನೂರು ವರ್ಷಕ್ಕೂ ಹಳೆಯದು. ಶರತ್ಕಾಲ ಬಂತೆಂದರೆ ರಾತ್ರಿಯ ತಾಪ ಸೊನ್ನೆ ಡಿಗ್ರಿಗೆ ಇಳಿಯುತ್ತದೆ. ಆಗ ಯಾತ್ರಿಕರು ಒಂದು ಒಯ್ಯಬಲ್ಲ ಹೀಟರನ್ನು ಕೊಳ್ಳಲು ಅಂಗಡಿಗೆ ಹೋಗುತ್ತಾರೆ. ಅಲ್ಲಿ ವಿದ್ಯುತ್ ಹೀಟರ್, ಕೆಂಪಗೆ ಕಾಯುವ ಗ್ಯಾಸ್ ಹೀಟರ್, ಜ್ವಾಲೆಯೇ ಕಾಣದ ಕ್ರಿಯಾವರ್ಧಕ ಹೀಟರ್, ಹೊಗೆಯನ್ನು ಹೊರಕ್ಕೆ ಬಿಡುವ ಹೀಟರ್ ಎಂದು ಹಲವು ಬಗೆಗಳಿವೆ. ಯಾವುದನ್ನು ಆರಿಸಬೇಕು?

ಅಂಗಡಿಯ ಫಲಕಗಳು ಎಷ್ಟು ವಾಟ್, ಎಷ್ಟು ಬೆಲೆ ಎಂಬುದನ್ನಷ್ಟೇ ಹೇಳುತ್ತವೆ. ಆದರೆ ಚಿಕ್ಕ ಕೋಣೆಯಲ್ಲಿ ಉರಿಸುವ ಬೆಂಕಿಯ ಇತಿಹಾಸವನ್ನು ನೋಡಿದರೆ ನಿಜವಾದ ಪ್ರಶ್ನೆ ಶಾಖದ್ದಲ್ಲ, ಗಾಳಿಯದು ಎಂಬುದು ಸ್ಪಷ್ಟವಾಗುತ್ತದೆ. ಬೆಂಕಿಗೆ ಬೇಕಾದ ಗಾಳಿ ಎಲ್ಲಿಂದ ಬರುತ್ತದೆ? ಬಳಸಿ ಬಿಟ್ಟ ಗಾಳಿ ಎಲ್ಲಿಗೆ ಹೋಗುತ್ತದೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಲು ಮಾನವನಿಗೆ ಸುಮಾರು ನಾಲ್ಕು ನೂರು ವರ್ಷಗಳು ಬೇಕಾದವು.

ಧ್ರುವದ ಗುಡಿಸಲಿನಲ್ಲಿ ಒಂದು ರಾತ್ರಿ

1596ರಲ್ಲಿ ಡಚ್ ನಾವಿಕ ವಿಲ್ಲೆಮ್ ಬಾರೆಂಟ್ಸ್ ಮತ್ತು ಸಂಗಡಿಗರು ಉತ್ತರದ ಸಮುದ್ರ ಮಾರ್ಗವಾಗಿ ಪೂರ್ವ ದೇಶಗಳನ್ನು ತಲಪಲು ಹೊರಟರು. ಅವರ ಹಡಗು ನೋವಾಯಾ ಜೆಮ್ಲ್ಯಾ ದ್ವೀಪದ ಬಳಿ ಹಿಮದಲ್ಲಿ ಸಿಕ್ಕಿಬಿದ್ದಿತು. ತೇಲಿಬಂದ ಮರ ಮತ್ತು ಹಡಗಿನ ಹಲಗೆಗಳಿಂದ ಒಂದು ಗುಡಿಸಲು ಕಟ್ಟಿಕೊಂಡು ಅವರು ಚಳಿಗಾಲ ಕಳೆದರು. ತಂಡದಲ್ಲಿದ್ದ ಗೆರಿಟ್ ಡಿ ವೀರ್ ದಿನಚರಿ ಬರೆದಿಟ್ಟಿದ್ದಾನೆ.

ಆ ವರ್ಷ ಡಿಸೆಂಬರ್ 7ರಂದು ಚಳಿ ತಡೆಯಲಾರದೆ ಅವರು ಹಡಗಿನಲ್ಲಿದ್ದ ಕಲ್ಲಿದ್ದಲನ್ನು ತಂದು ಉರಿಸಿದರು. ಸೌದೆಗಿಂತ ಅದರ ಶಾಖ ಹಿತವಾಗಿತ್ತು. ಶಾಖ ಹೊರಗೆ ಹೋಗಬಾರದೆಂದು ಬಾಗಿಲನ್ನೂ ಹೊಗೆಗಂಡಿಯನ್ನೂ ಬಿಗಿಯಾಗಿ ಮುಚ್ಚಿ ಮಲಗಿದರು. ಸ್ವಲ್ಪ ಹೊತ್ತಿನಲ್ಲಿ ತಲೆ ಸುತ್ತತೊಡಗಿತು. ಮೊದಲೇ ಕಾಯಿಲೆಯಿಂದ ನರಳುತ್ತಿದ್ದವನಿಗೆ ಅದು ಎಲ್ಲರಿಗಿಂತ ಮೊದಲು ತಿಳಿಯಿತು. ಕೊನೆಗೆ ಕೆಲವರು ಹೇಗೋ ಎದ್ದು ಹೊಗೆಗಂಡಿಯನ್ನೂ ಬಾಗಿಲನ್ನೂ ತೆರೆದರು. ಬಾಗಿಲು ತೆರೆದವನು ಮೂರ್ಛೆ ಹೋಗಿ ಹಿಮದ ಮೇಲೆ ಬಿದ್ದ. ಅಷ್ಟು ದಿನ ಅವರು ಶತ್ರುವೆಂದು ತಿಳಿದಿದ್ದ ತಣ್ಣನೆಯ ಗಾಳಿಯೇ ಅಂದು ಅವರನ್ನು ಉಳಿಸಿತು.

ಅವರಿಗೆ ಆದದ್ದೇನು ಎಂದು ಹೇಳಬಲ್ಲ ರಸಾಯನ ವಿಜ್ಞಾನ ಆಗ ಇನ್ನೂ ಹುಟ್ಟಿರಲಿಲ್ಲ. ಆಕ್ಸಿಜನ್ ಎಂಬ ಧಾತುವಿನ ಪರಿಚಯವಾಗಲು ಇನ್ನೂ ಸುಮಾರು 180 ವರ್ಷ ಕಾಯಬೇಕಿತ್ತು.

ಕಾಣದ ಅನಿಲದ ಪತ್ತೆ

ಇಂಗಾಲವಿರುವ ಯಾವುದೇ ಇಂಧನ ಸಾಕಷ್ಟು ಗಾಳಿಯಲ್ಲಿ ಉರಿದರೆ ಕಾರ್ಬನ್ ಡೈಆಕ್ಸೈಡ್ ಉಂಟಾಗುತ್ತದೆ. ಗಾಳಿ ಸಾಲದಿದ್ದರೆ ದಹನ ಅರ್ಧಕ್ಕೇ ನಿಂತು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇದು ಇಂಗಾಲ ಮತ್ತು ಆಕ್ಸಿಜನ್‌ಗಳ ಸಂಯುಕ್ತವೆಂದು 1800ರಲ್ಲಿ ತೋರಿಸಿದವರು ಇಂಗ್ಲೆಂಡಿನ ವಿಲಿಯಂ ಕ್ರುಕ್‌ಶಾಂಕ್. ಅದಕ್ಕೂ ಒಂದು ವರ್ಷ ಮೊದಲು, ಬ್ರಿಸ್ಟಲ್ ನಗರದಲ್ಲಿ ಅನಿಲಗಳನ್ನು ಉಸಿರಾಡಿ ಪರೀಕ್ಷಿಸುತ್ತಿದ್ದ ತರುಣ ಹಂಫ್ರಿ ಡೇವಿ, ಕಾದ ಇದ್ದಿಲಿನ ಮೇಲೆ ಹಬೆ ಹಾಯಿಸಿ ಪಡೆದ ಅನಿಲವನ್ನು ಸೇದಿ ಸಾವಿನ ಅಂಚಿಗೆ ಹೋಗಿ ಬಂದಿದ್ದರು. ಆ ಅನಿಲದ ಒಂದು ಮುಖ್ಯ ಭಾಗ ಕಾರ್ಬನ್ ಮಾನಾಕ್ಸೈಡೇ ಆಗಿತ್ತು.

ಅದು ಹೇಗೆ ಕೊಲ್ಲುತ್ತದೆಂಬುದನ್ನು 1850ರ ದಶಕದಲ್ಲಿ ಫ್ರಾನ್ಸಿನ ಶರೀರಕ್ರಿಯಾ ವಿಜ್ಞಾನಿ ಕ್ಲಾಡ್ ಬರ್ನಾರ್ಡ್ ತಿಳಿಸಿದರು. ರಕ್ತದ ಹೀಮೊಗ್ಲೋಬಿನ್ ಆಕ್ಸಿಜನ್‌ಗಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಒಲವಿನಿಂದ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಹೀಗಾಗಿ ಗಾಳಿಯಲ್ಲಿ ಸಾವಿರಕ್ಕೆ ಒಂದೆರಡು ಭಾಗದಷ್ಟು ಇದ್ದರೂ ಕೆಲವೇ ಗಂಟೆಗಳಲ್ಲಿ ಸಾವು ಬರಬಹುದು. 1902ರಲ್ಲಿ ಫ್ರೆಂಚ್ ಕಾದಂಬರಿಕಾರ ಎಮಿಲಿ ಜೋಲಾ ಪ್ಯಾರಿಸ್ಸಿನ ತಮ್ಮ ಮಲಗುವ ಕೋಣೆಯಲ್ಲಿ ಸತ್ತದ್ದು ಹೊಗೆಕೊಳವೆ ಕಟ್ಟಿಕೊಂಡದ್ದರಿಂದ.

ಈ ಜ್ಞಾನವನ್ನು ಸುರಕ್ಷತೆಯ ನಿಯಮವಾಗಿ ಮಾರ್ಪಡಿಸಿದವರು ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್. 1895ರಲ್ಲಿ ಅವರು ಕಾರ್ಬನ್ ಮಾನಾಕ್ಸೈಡನ್ನು ಅಳತೆಯ ಪ್ರಕಾರ ತಾವೇ ಉಸಿರಾಡಿ, ರಕ್ತದಲ್ಲಿ ಅದು ಎಷ್ಟು ಸೇರಿದಾಗ ಏನಾಗುತ್ತದೆಂದು ದಾಖಲಿಸಿದರು. ಮರುವರ್ಷ ವೇಲ್ಸ್‌ನ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿಯ ಸ್ಫೋಟವನ್ನು ಪರಿಶೀಲಿಸಿ, ಸತ್ತವರಲ್ಲಿ ಬಹುಪಾಲು ಮಂದಿ ಸ್ಫೋಟದಿಂದಲ್ಲ, ನಂತರ ಹರಡಿದ ಈ ಅನಿಲದಿಂದ ಸತ್ತರೆಂದು ವರದಿ ಮಾಡಿದರು. ಪುಟ್ಟ ಪ್ರಾಣಿಗಳ ಉಸಿರಾಟ ವೇಗವಾದದ್ದು, ಆದ್ದರಿಂದ ಅವು ಮನುಷ್ಯರಿಗಿಂತ ಬೇಗ ಕುಸಿಯುತ್ತವೆ. ಗಣಿಗಿಳಿಯುವವರು ಅಂಥ ಪ್ರಾಣಿಯನ್ನು ಜೊತೆಗೊಯ್ಯಬೇಕೆಂಬುದು ಅವರ ಸಲಹೆ. ಬ್ರಿಟನ್ನಿನ ಗಣಿಗಳಲ್ಲಿ ಕ್ಯಾನರಿ ಹಕ್ಕಿ 1980ರ ದಶಕದವರೆಗೂ ಈ ಕೆಲಸ ಮಾಡಿತು.

ಜ್ವಾಲೆಯಿಲ್ಲದ ದಹನ

ಇಂದಿನ ಕ್ರಿಯಾವರ್ಧಕ ಹೀಟರಿನ ಮೂಲವೂ ಗಣಿಯೇ. 1812ರಲ್ಲಿ ಇಂಗ್ಲೆಂಡಿನ ಫೆಲ್ಲಿಂಗ್ ಗಣಿಯಲ್ಲಿ ಸ್ಫೋಟವಾಗಿ 92 ಮಂದಿ ಸತ್ತರು. ಅದಾದ ಮೂರು ವರ್ಷಗಳಲ್ಲಿ ಡೇವಿ ತಮ್ಮ ಪ್ರಸಿದ್ಧ ಸುರಕ್ಷಾ ದೀಪವನ್ನು ರೂಪಿಸಿದರು. ಜ್ವಾಲೆಯ ಸುತ್ತ ಇರುವ ಸಣ್ಣ ಕಣ್ಣಿನ ತಂತಿಬಲೆ ಶಾಖವನ್ನು ಹೀರಿ, ಬೆಂಕಿ ಹೊರಕ್ಕೆ ದಾಟದಂತೆ ತಡೆಯುತ್ತದೆ. ಈ ಕೆಲಸವನ್ನು ಮುಂದುವರಿಸುತ್ತಿದ್ದಾಗ ಅವರಿಗೆ ಒಂದು ವಿಚಿತ್ರ ಕಂಡಿತು. ದಹ್ಯ ಅನಿಲ ಮತ್ತು ಗಾಳಿಯ ಮಿಶ್ರಣದಲ್ಲಿ ಬಿಸಿಯಾದ ತೆಳ್ಳನೆಯ ಪ್ಲಾಟಿನಮ್ ತಂತಿಯನ್ನು ಇಳಿಬಿಟ್ಟರೆ ಜ್ವಾಲೆ ಹೊತ್ತಲಿಲ್ಲ. ಆದರೂ ತಂತಿ ಕೆಂಪಗೆ ಕಾದು ಹೊಳೆಯುತ್ತಲೇ ಇತ್ತು. ಅನಿಲ ತಂತಿಯ ಮೇಲ್ಮೈಯಲ್ಲಿ ಸದ್ದಿಲ್ಲದೆ ಉರಿಯುತ್ತಿತ್ತು! 1817ರಲ್ಲಿ ಡೇವಿ ಇದನ್ನು ರಾಯಲ್ ಸೊಸೈಟಿಗೆ ವರದಿ ಮಾಡಿದರು. ದೀಪದೊಳಗೆ ಒಂದು ಪ್ಲಾಟಿನಮ್ ಸುರುಳಿಯನ್ನಿಟ್ಟರೆ, ಜ್ವಾಲೆ ಆರಿದ ಮೇಲೂ ಗಣಿಗಾರನಿಗೆ ಅದರ ಹೊಳಪಿನಿಂದ ದಾರಿ ಕಾಣುವುದೆಂದೂ ಸೂಚಿಸಿದರು.

1823ರಲ್ಲಿ ಜರ್ಮನಿಯ ಡೋಬೆರೈನರ್ ಸ್ಪಂಜಿನಂತಿರುವ ಪ್ಲಾಟಿನಮ್ ಮೇಲೆ ಹೈಡ್ರೊಜನ್ ಹಾಯಿಸಿ ಬೆಂಕಿ ಹೊತ್ತಿಸುವ ಸಾಧನವನ್ನೇ ಮಾಡಿದರು. ಬೆಂಕಿಕಡ್ಡಿ ಬರುವ ಮೊದಲು ಅದು ಯೂರೋಪಿನ ಅನೇಕ ಮನೆಗಳಲ್ಲಿತ್ತು. ತಾನು ಖರ್ಚಾಗದೆ ಕ್ರಿಯೆಯನ್ನು ತ್ವರೆಗೊಳಿಸುವ ಇಂಥ ವಸ್ತುಗಳ ವರ್ತನೆಗೆ 1835ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಒಂದು ಹೆಸರು ಕೊಟ್ಟರು. ನಾವು ಕ್ರಿಯಾವರ್ಧನೆ ಎನ್ನುವುದು ಅದನ್ನೇ.

ಈ ತತ್ತ್ವವನ್ನು ಜೇಬಿನಲ್ಲಿಟ್ಟು ಒಯ್ಯುವ ಹೀಟರನ್ನಾಗಿ ಮಾಡಿದ ಕೀರ್ತಿ ಜಪಾನಿನ ನಿಯಿಚಿ ಮತೋಬಾ ಅವರದು. 1923ರಲ್ಲಿ ಅವರು ಮಾರುಕಟ್ಟೆಗೆ ತಂದ ಕೈಬೆಚ್ಚಗೆಯಲ್ಲಿ ಪೆಟ್ರೋಲ್ ಜಾತಿಯ ಇಂಧನದ ಆವಿ ಪ್ಲಾಟಿನಮ್ ಲೇಪಿಸಿದ ಬತ್ತಿಯ ಮೇಲೆ ಜ್ವಾಲೆಯಿಲ್ಲದೆ ಉರಿಯುತ್ತದೆ. ಇಂದಿನ ಟ್ರೈಲರುಗಳ ಕ್ರಿಯಾವರ್ಧಕ ಹೀಟರಿನಲ್ಲಿರುವುದು ಇದರದೇ ದೊಡ್ಡ ರೂಪ. ಅಲ್ಲಿ ಪ್ಲಾಟಿನಮ್ ಲೇಪಿಸಿದ ನಾರಿನ ಹಾಸಿನ ಹಿಂದಿನಿಂದ ಅನಿಲವೂ ಮುಂದಿನಿಂದ ಗಾಳಿಯೂ ಬಂದು ಸೇರುತ್ತವೆ.

ಇಲ್ಲಿ ವಿದ್ಯಾರ್ಥಿಗಳು ಒಂದು ಅಂಶವನ್ನು ಗಮನಿಸಬೇಕು. ಕ್ರಿಯಾವರ್ಧಕವು ದಹನ ಆರಂಭವಾಗಲು ಬೇಕಾದ ತಾಪವನ್ನು ತಗ್ಗಿಸುತ್ತದೆಯೇ ಹೊರತು ದಹನದ ಲೆಕ್ಕವನ್ನು ಬದಲಿಸುವುದಿಲ್ಲ. ಒಂದು ಕಿಲೋಗ್ರಾಮ್ ಪ್ರೋಪೇನ್ ಜ್ವಾಲೆಯಾಗಿ ಉರಿದರೂ, ಹಾಸಿನ ಮೇಲೆ ಸದ್ದಿಲ್ಲದೆ ಉರಿದರೂ ನುಂಗುವ ಆಕ್ಸಿಜನ್ ಅಷ್ಟೇ, ಕೊಡುವ ಶಾಖವೂ ಅಷ್ಟೇ. ಅದಲ್ಲದೆ ಹಾಸು ಕಾಯುವವರೆಗೆ, ಅಥವಾ ದೂಳು ಮತ್ತು ಗಂಧಕದ ಸಂಯುಕ್ತಗಳಿಂದ ಪ್ಲಾಟಿನಮ್ ಮಂದವಾದಾಗ, ಸ್ವಲ್ಪ ಅನಿಲ ಉರಿಯದೆಯೇ ಕೋಣೆಗೆ ಬರುತ್ತದೆ. ಜ್ವಾಲೆ ಕಾಣದೆಂಬ ಕಾರಣಕ್ಕೆ ಇದು ಗಾಳಿಯನ್ನು ಬಳಸುವುದಿಲ್ಲವೆಂದು ಭಾವಿಸಿದರೆ ಅಪಾಯ ಕಟ್ಟಿಟ್ಟದ್ದು.

ಶಾಖಕ್ಕೆ ಗಾಳಿಯ ಹಂಗಿಲ್ಲ

ಹೀಟರಿನ ಇನ್ನೊಂದು ಎಳೆ ವಿಕಿರಣದ್ದು. 1800ರಲ್ಲಿ ವಿಲಿಯಂ ಹರ್ಷೆಲ್ ಸೂರ್ಯನ ರೋಹಿತದ ಕೆಂಪಿನಾಚೆ ಉಷ್ಣತಾಮಾಪಕವನ್ನಿಟ್ಟು, ಕಣ್ಣಿಗೆ ಕಾಣದ ಕಿರಣಗಳೂ ಶಾಖ ತರುತ್ತವೆಂದು ತೋರಿಸಿದರು. ಈ ಅವಕೆಂಪು ಕಿರಣಗಳು ಗಾಳಿಯನ್ನು ಬಹುಮಟ್ಟಿಗೆ ಕಾಯಿಸದೆ ಹಾದು ನೇರವಾಗಿ ನಮ್ಮ ಮೈಗೆ, ಗೋಡೆಗೆ ತಾಗುತ್ತವೆ.

ಜ್ವಾಲೆಯಿಂದ ಹೊರಡುವ ವಿಕಿರಣ ಕಡಿಮೆ. ಕಾದ ಘನ ಮೇಲ್ಮೈಯಿಂದ ಹೊರಡುವ ವಿಕಿರಣ ಹೆಚ್ಚು. ಆದ್ದರಿಂದ ಅನಿಲವನ್ನು ಒಂದು ಮೇಲ್ಮೈಗೆ ಅಂಟಿದಂತೆಯೇ ಉರಿಸುವುದು ಲಾಭಕರ. ಲೀಡ್ಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿಲಿಯಂ ಬೋನ್ 1910ರ ಆಸುಪಾಸಿನಲ್ಲಿ ಸರಂಧ್ರ ಇಟ್ಟಿಗೆಯ ಮೂಲಕ ಅನಿಲ ಮತ್ತು ಗಾಳಿಯ ಮಿಶ್ರಣವನ್ನು ಹಾಯಿಸಿ ಇಂಥ ಮೇಲ್ಮೈ ದಹನವನ್ನು ಸಾಧಿಸಿದರು. 1930ರ ದಶಕದಲ್ಲಿ ಜರ್ಮನಿಯ ಗುಂಟರ್ ಶ್ವಾಂಕ್ ಸಾವಿರಾರು ಸಣ್ಣ ರಂಧ್ರಗಳುಳ್ಳ ಪಿಂಗಾಣಿ ಫಲಕವನ್ನು ಬಳಸಿ ಅದನ್ನು ಸರಳಗೊಳಿಸಿದರು. ಇಂದು ಗ್ಯಾಸ್ ಸಿಲಿಂಡರಿನ ಮೇಲೆ ಕೆಂಪಗೆ ಹೊಳೆಯುವ ಚೌಕಾಕಾರದ ಫಲಕ ಈ ವಂಶದ್ದೇ.

ವೀನ್ ನಿಯಮವನ್ನು ಅನ್ವಯಿಸಿ ನೋಡಿ. ಪಿಂಗಾಣಿ ಫಲಕದ ತಾಪ ಸುಮಾರು 1150 ಕೆಲ್ವಿನ್ ಎಂದಿಟ್ಟುಕೊಂಡರೆ ವಿಕಿರಣದ ಗರಿಷ್ಠ ತೀವ್ರತೆ 2.5 ಮೈಕ್ರೊಮೀಟರ್ ಬಳಿ ಇರುತ್ತದೆ. ಸ್ವಲ್ಪ ಭಾಗ ಕಣ್ಣಿಗೂ ಕಾಣುತ್ತದೆ. ಕ್ರಿಯಾವರ್ಧಕ ಹಾಸಿನ ತಾಪ ಸುಮಾರು 700 ಕೆಲ್ವಿನ್ ಆದರೆ ಗರಿಷ್ಠ ತೀವ್ರತೆ 4.1 ಮೈಕ್ರೊಮೀಟರ್ ಬಳಿ. ಕತ್ತಲಲ್ಲೂ ಅದು ಹೊಳೆಯುವುದು ಕಾಣದು. ಎರಡೂ ವಿಕಿರಣ ಹೀಟರುಗಳೇ. ಗಾಳಿ ಸ್ವಲ್ಪ ತಣ್ಣಗಿದ್ದರೂ ಮೈಗೆ ಬೆಚ್ಚನೆ ಅನ್ನಿಸುವುದು ಇವುಗಳ ಅನುಕೂಲ. ಅಂದರೆ ಕಿಟಕಿಯನ್ನು ತುಸು ತೆರೆದಿಟ್ಟೂ ಇವನ್ನು ಬಳಸಬಹುದು.

ಚಕ್ರದ ಮನೆ, ಬಾಟಲಿಯ ಅನಿಲ

ಸುಖಪ್ರವಾಸಕ್ಕೆಂದೇ ಕಟ್ಟಿಸಿದ ಮೊದಲ ಕ್ಯಾರವಾನ್ ಎಂದು ಸಾಮಾನ್ಯವಾಗಿ ಹೇಳುವುದು ‘ವಾಂಡರರ್’ ಎಂಬುದನ್ನು. ನಿವೃತ್ತ ನೌಕಾ ವೈದ್ಯ ಗಾರ್ಡನ್ ಸ್ಟೇಬಲ್ಸ್ ಅದನ್ನು ಬ್ರಿಸ್ಟಲ್‌ನ ಒಂದು ಕಾರ್ಖಾನೆಯಲ್ಲಿ ಮಾಡಿಸಿ, 1885ರಲ್ಲಿ ಕುದುರೆಗಳನ್ನು ಕಟ್ಟಿ ಸ್ಕಾಟ್‌ಲೆಂಡಿನವರೆಗೆ ಪ್ರಯಾಣ ಮಾಡಿದರು. ಮೋಟಾರು ಕಾರು ಬಂದ ಮೇಲೆ ಈ ಮನೆಗಳು ಹಗುರವಾದವು, ಹೆಚ್ಚು ಬಿಗಿಯಾದವು. ಬಿಗಿಯಾದಷ್ಟೂ ಬೆಂಕಿಯ ಸಮಸ್ಯೆ ಹೆಚ್ಚಿತು.

ಇಂಧನದ ಸಮಸ್ಯೆಗೆ ಉತ್ತರ ಅಮೆರಿಕದಿಂದ ಬಂತು. 1910ರಲ್ಲಿ ಪೆಟ್ರೋಲಿನಿಂದ ಆವಿಯಾಗಿ ಹೋಗುತ್ತಿದ್ದ ಅಂಶಗಳನ್ನು ಪರಿಶೀಲಿಸುತ್ತಿದ್ದ ರಸಾಯನ ವಿಜ್ಞಾನಿ ವಾಲ್ಟರ್ ಸ್ನೆಲಿಂಗ್, ಅವುಗಳಲ್ಲಿ ಪ್ರೋಪೇನ್ ಮತ್ತು ಬ್ಯೂಟೇನ್ ಇರುವುದನ್ನು ಕಂಡು, ಅವನ್ನು ಒತ್ತಡದಲ್ಲಿ ದ್ರವವಾಗಿ ತುಂಬಿಡುವ ಮಾರ್ಗ ಹುಡುಕಿದರು. 1913ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಪ್ರೋಪೇನಿನ ಕುದಿಯುವ ಬಿಂದು ಸೊನ್ನೆಗಿಂತ 42 ಡಿಗ್ರಿ ಸೆಲ್ಸಿಯಸ್ ಕೆಳಗೆ. ಬ್ಯೂಟೇನಿನದು ಸೊನ್ನೆಗಿಂತ ಕೇವಲ ಅರ್ಧ ಡಿಗ್ರಿ ಕೆಳಗೆ. ಹೀಗಾಗಿ ಹೆಪ್ಪುಗಟ್ಟುವ ರಾತ್ರಿಯಲ್ಲಿ ಬ್ಯೂಟೇನ್ ಸಿಲಿಂಡರಿನಲ್ಲಿ ದ್ರವವಾಗಿಯೇ ಉಳಿದು ಹೀಟರ್ ಸೊರಗುತ್ತದೆ. ಪ್ರೋಪೇನ್ ನಿರಾಯಾಸವಾಗಿ ಆವಿಯಾಗುತ್ತದೆ. ನಮ್ಮ ಅಡುಗೆ ಅನಿಲ ಈ ಎರಡರ ಮಿಶ್ರಣ, ಅದರಲ್ಲಿ ಬ್ಯೂಟೇನ್ ಪಾಲು ದೊಡ್ಡದು. ಬೆಂಗಳೂರಿನಲ್ಲಿ ತೊಂದರೆ ಕೊಡದ ಸಿಲಿಂಡರು ಹಿಮಾಲಯದ ಚಳಿಯಲ್ಲಿ ಸೋಲುವುದು ಈ ಕಾರಣದಿಂದ.

ಬರ್ಡ್ ಕಲಿತ ಪಾಠ

ವಿಜ್ಞಾನ ತಿಳಿದಿದ್ದರೂ ಪುಟ್ಟ ಕೋಣೆ ಎಷ್ಟು ಮೋಸ ಮಾಡಬಲ್ಲದೆಂಬುದಕ್ಕೆ 1934ರ ಒಂದು ಘಟನೆ ಸಾಕ್ಷಿ. ಅಮೆರಿಕದ ನೌಕಾಧಿಕಾರಿ ರಿಚರ್ಡ್ ಬರ್ಡ್ ಅಂಟಾರ್ಕ್ಟಿಕದ ರಾಸ್ ಹಿಮಹಾಸಿನ ಮೇಲೆ, ಮುಖ್ಯ ನೆಲೆಯಿಂದ ಸುಮಾರು 200 ಕಿಲೋಮೀಟರ್ ದೂರದಲ್ಲಿ, ಹವಾಮಾನ ವೀಕ್ಷಣೆಗೆಂದು ಚಳಿಗಾಲವಿಡೀ ಒಂಟಿಯಾಗಿ ಉಳಿಯಲು ನಿರ್ಧರಿಸಿದರು. ಬಿಡಿಭಾಗಗಳಾಗಿ ಒಯ್ದು ಜೋಡಿಸಿದ ಅವರ ಕೋಣೆಯ ಅಳತೆ ಸುಮಾರು ಒಂಬತ್ತು ಅಡಿಗೆ ಹದಿಮೂರು ಅಡಿ. ಚಕ್ರವಿಲ್ಲ ಎನ್ನುವುದನ್ನು ಬಿಟ್ಟರೆ ಅದೊಂದು ಟ್ರೈಲರೇ. ಅದನ್ನು ಹಿಮದೊಳಗೆ ಹೂತಿಡಲಾಗಿತ್ತು. ಕಲ್ಲಿದ್ದಲ ಒಲೆಯನ್ನು ಎಣ್ಣೆ ಉರಿಸುವಂತೆ ಮಾರ್ಪಡಿಸಿ ಶಾಖಕ್ಕೆ ಬಳಸುತ್ತಿದ್ದರು.

ಹೊಗೆಕೊಳವೆಯ ಕೀಲುಗಳು ಸೋರುತ್ತಿದ್ದವು. ಗಾಳಿಯಾಡುವ ಕೊಳವೆಗಳಲ್ಲಿ ಹಿಮ ಕಟ್ಟಿಕೊಳ್ಳುತ್ತಿತ್ತು. ಮೇ ಕೊನೆಯ ದಿನ ರೇಡಿಯೊಗಾಗಿ ಪೆಟ್ರೋಲ್ ಜನರೇಟರನ್ನು ಓಡಿಸುತ್ತಿದ್ದಾಗ ಬರ್ಡ್ ಕುಸಿದುಬಿದ್ದರು. ಅನಂತರ ಅವರ ಮುಂದಿದ್ದದ್ದು ಎರಡೇ ದಾರಿ: ಒಲೆ ಉರಿಸಿದರೆ ವಿಷ, ಆರಿಸಿದರೆ ಮರಗಟ್ಟಿಸುವ ಚಳಿ. ರಕ್ಷಣೆಗೆ ಬಂದು ಬೇರೆಯವರು ಪ್ರಾಣ ಕಳೆದುಕೊಳ್ಳಬಾರದೆಂದು ಅವರು ತಮ್ಮ ಸ್ಥಿತಿಯನ್ನು ಮುಚ್ಚಿಟ್ಟರು. ಆದರೆ ತಡವರಿಸುವ ರೇಡಿಯೊ ಸಂದೇಶಗಳಿಂದ ನೆಲೆಯಲ್ಲಿದ್ದವರಿಗೆ ಅನುಮಾನ ಬಂತು. ಆಗಸ್ಟ್‌ನಲ್ಲಿ ಮೂವರು ಟ್ರಾಕ್ಟರಿನಲ್ಲಿ ಕತ್ತಲನ್ನು ಸೀಳಿಕೊಂಡು ಬಂದು ಅವರನ್ನು ಉಳಿಸಿದರು. ಬಾರೆಂಟ್ಸ್ ತಂಡಕ್ಕೆ ಅಜ್ಞಾನ ಕಾರಣವಾಗಿತ್ತು. ಬರ್ಡ್ ಅವರಿಗೆ ಅನಿಲದ ವಿಷಯ ಗೊತ್ತಿತ್ತು. ಅವರ ಕೋಣೆಯಲ್ಲಿ ಎಚ್ಚರಿಸುವ ಸಾಧನ ಇರಲಿಲ್ಲ.

ಕಾವಲುಗಾರ ಜ್ವಾಲೆ

ಇಂಥ ಸಾಧನವೊಂದನ್ನು ಹೀಟರಿನೊಳಗೇ ಅಡಕಮಾಡಿದ್ದು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಅದರ ತಿರುಳು 1821ರಷ್ಟು ಹಳೆಯದು. ಆ ವರ್ಷ ಜೀಬೆಕ್, ಎರಡು ಬೇರೆ ಲೋಹಗಳ ಬೆಸುಗೆಯನ್ನು ಕಾಯಿಸಿದರೆ ವಿದ್ಯುತ್ ಪರಿಣಾಮ ಉಂಟಾಗುವುದನ್ನು ಕಂಡಿದ್ದರು. ಈ ಉಷ್ಣಯುಗ್ಮವನ್ನು ಹೀಟರಿನ ಪುಟ್ಟ ಕಾವಲು ಜ್ವಾಲೆಗೆ ಒಡ್ಡಿದರೆ ಕೆಲವು ಹತ್ತು ಮಿಲಿವೋಲ್ಟ್ ದೊರೆಯುತ್ತದೆ. ಅಷ್ಟು ವಿದ್ಯುತ್ತು ಒಂದು ವಿದ್ಯುತ್ಕಾಂತವನ್ನು ಹಿಡಿದಿಟ್ಟು, ಅನಿಲದ ಕವಾಟವನ್ನು ತೆರೆದಿರಿಸುತ್ತದೆ. ಜ್ವಾಲೆ ಆರಿದರೆ ಉಷ್ಣಯುಗ್ಮ ತಣಿದು ಕವಾಟ ಮುಚ್ಚುತ್ತದೆ. ಬ್ಯಾಟರಿಯ ಅಗತ್ಯವೇ ಇಲ್ಲ.

ಮುಂದಿನ ಹೆಜ್ಜೆ ಇನ್ನೂ ಜಾಣತನದ್ದು. ಗಾಳಿಯಲ್ಲಿ ಆಕ್ಸಿಜನ್ ಕಡಿಮೆಯಾದಂತೆ ಜ್ವಾಲೆಯ ವೇಗ ತಗ್ಗುತ್ತದೆ. ಅದು ಬರ್ನರಿನ ಬಾಯಿಯಿಂದ ಮೇಲೆದ್ದು ದೂರ ಸರಿಯುತ್ತದೆ. ಕಾವಲು ಜ್ವಾಲೆಯನ್ನು ನಿಖರವಾಗಿ ರೂಪಿಸಿದರೆ, ಆಕ್ಸಿಜನ್ ಸಾಮಾನ್ಯವಾದ ಶೇಕಡ 20.9ರಿಂದ ಸುಮಾರು 18ಕ್ಕೆ ಇಳಿದಾಗ ಅದು ಉಷ್ಣಯುಗ್ಮವನ್ನು ಬಿಟ್ಟು ಏಳುತ್ತದೆ, ಹೀಟರ್ ಆರುತ್ತದೆ. ಅಮೆರಿಕದಲ್ಲಿ ಹೊಗೆಕೊಳವೆಯಿಲ್ಲದ ಕೋಣೆ ಹೀಟರುಗಳಲ್ಲಿ ಈ ಆಕ್ಸಿಜನ್ ಕಾವಲು 1980ರ ದಶಕದಲ್ಲಿ ರೂಢಿಗೆ ಬಂತು. ಹಾಲ್ಡೇನರ ಕ್ಯಾನರಿಯ ಜಾಗವನ್ನು ಒಂದು ಜ್ವಾಲೆ ತೆಗೆದುಕೊಂಡಿತು ಎನ್ನಬಹುದು.

ಆದರೆ ಇದಕ್ಕೂ ಮಿತಿಯಿದೆ. ಇದು ಅಳೆಯುವುದು ಆಕ್ಸಿಜನ್ನನ್ನು, ಕಾರ್ಬನ್ ಮಾನಾಕ್ಸೈಡನ್ನಲ್ಲ. ಮುಖ್ಯ ಬರ್ನರಿನಲ್ಲಿ ದೂಳು ಕಟ್ಟಿ ದಹನ ಕೆಟ್ಟರೆ, ಆಕ್ಸಿಜನ್ ಸಾಕಷ್ಟಿರುವಾಗಲೇ ವಿಷಾನಿಲ ಹೊಮ್ಮಬಹುದು. ಎತ್ತರದ ಪ್ರದೇಶಗಳಲ್ಲಿ ವಾಯುಭಾರ ಕಡಿಮೆಯಾದ್ದರಿಂದ ಈ ಕಾವಲು ಏರುಪೇರಾಗುತ್ತದೆ. ಸುಮಾರು 7000 ಅಡಿಯ ಮೇಲೆ ಹೀಟರ್ ತಾನಾಗಿ ಆರಬಹುದೆಂದು ಕೆಲವು ತಯಾರಕರೇ ಸೂಚಿಸುತ್ತಾರೆ.

ಸಂಪೂರ್ಣ ಪರಿಹಾರವೆಂದರೆ ಬೆಂಕಿಯನ್ನು ಕೋಣೆಯ ಗಾಳಿಯಿಂದಲೇ ಬೇರ್ಪಡಿಸುವುದು. ಇಂಥ ಹೀಟರಿನಲ್ಲಿ ಮುಚ್ಚಿದ ಲೋಹದ ಪೆಟ್ಟಿಗೆಯೊಳಗೆ ದಹನ ನಡೆಯುತ್ತದೆ. ಒಂದು ಕೊಳವೆ ಹೊರಗಿನಿಂದ ಗಾಳಿ ತರುತ್ತದೆ, ಇನ್ನೊಂದು ಹೊಗೆಯನ್ನು ಹೊರಕ್ಕೆ ಒಯ್ಯುತ್ತದೆ. ಕೋಣೆಗೆ ಬರುವುದು ಲೋಹದ ಗೋಡೆಯ ಮೂಲಕ ವಹನವಾದ ಶಾಖ ಮಾತ್ರ. ಜರ್ಮನಿಯಲ್ಲಿ 1960ರ ದಶಕದಿಂದ ಕ್ಯಾರವಾನುಗಳಿಗೆಂದೇ ಇಂಥ ಹೀಟರುಗಳು ತಯಾರಾಗುತ್ತಿವೆ. ತೂಕ ಮತ್ತು ಬೆಲೆ ಹೆಚ್ಚು, ಗೋಡೆಗೆ ಜೋಡಿಸಬೇಕು ಎಂಬುದಷ್ಟೇ ಇದರ ಕೊರತೆ.

ಲೆಕ್ಕ ಮಾಡಿ ನೋಡೋಣ

ಒಂದು ಟ್ರೈಲರಿನ ಒಳ ಅಳತೆ 4 ಮೀಟರ್, 2 ಮೀಟರ್ ಮತ್ತು 1.9 ಮೀಟರ್ ಎಂದಿಟ್ಟುಕೊಳ್ಳಿ. ಘನಗಾತ್ರ ಸುಮಾರು 15 ಘನ ಮೀಟರ್. ಗೋಡೆ, ಚಾವಣಿ, ನೆಲ ಸೇರಿ ಸುಮಾರು 39 ಚದರ ಮೀಟರ್. ಪ್ರತಿ ಚದರ ಮೀಟರಿಗೆ ಪ್ರತಿ ಡಿಗ್ರಿಗೆ 1.2 ವಾಟ್ ಶಾಖ ಸೋರುವುದೆಂದು ಭಾವಿಸೋಣ. ಹೊರಗೆ ಸೊನ್ನೆ, ಒಳಗೆ 20 ಡಿಗ್ರಿ ಇರಬೇಕಾದರೆ 39, 1.2 ಮತ್ತು 20ರ ಗುಣಲಬ್ಧ, ಅಂದರೆ ಸುಮಾರು 940 ವಾಟ್ ಬೇಕು. 1500 ವಾಟಿನ ಹೀಟರ್ ಧಾರಾಳವಾಯಿತು. ಶಾಖದ ಪ್ರಶ್ನೆ ಇಲ್ಲಿಗೆ ಮುಗಿಯಿತು.

ಈಗ ಗಾಳಿಯ ಪ್ರಶ್ನೆ. ಒಂದು ಪ್ರೋಪೇನ್ ಅಣು ಐದು ಆಕ್ಸಿಜನ್ ಅಣುಗಳೊಡನೆ ಸೇರಿ ಮೂರು ಕಾರ್ಬನ್ ಡೈಆಕ್ಸೈಡ್ ಮತ್ತು ನಾಲ್ಕು ನೀರಿನ ಅಣುಗಳನ್ನು ಕೊಡುತ್ತದೆ. ಒಂದು ಕಿಲೋಗ್ರಾಮಿನಿಂದ ಸುಮಾರು 50 ಮೆಗಾಜೂಲ್ ಶಾಖ ದೊರೆಯುತ್ತದೆ. 1500 ವಾಟಿನ ಹೀಟರ್ ಗಂಟೆಗೆ 5.4 ಮೆಗಾಜೂಲ್ ಕೊಡುವುದರಿಂದ, ಅದು ಉರಿಸುವ ಪ್ರೋಪೇನ್ ಸುಮಾರು 108 ಗ್ರಾಮ್. ಇದಕ್ಕೆ ಬೇಕಾದ ಆಕ್ಸಿಜನ್ ಸುಮಾರು 0.3 ಘನ ಮೀಟರ್. ಟ್ರೈಲರನ್ನು ಸಂಪೂರ್ಣ ಮುಚ್ಚಿದ್ದರೆ ಒಂದು ಗಂಟೆಯಲ್ಲಿ ಆಕ್ಸಿಜನ್ ಶೇಕಡ 20.9ರಿಂದ ಸುಮಾರು 19ಕ್ಕೂ, ಒಂದೂವರೆ ಗಂಟೆಯಲ್ಲಿ 18ಕ್ಕೂ ಇಳಿಯುತ್ತದೆ. ಮೊದಲ ಗಂಟೆಯಲ್ಲೇ ಕಾರ್ಬನ್ ಡೈಆಕ್ಸೈಡ್ ಶೇಕಡ 1.2ರಷ್ಟು ಏರುತ್ತದೆ. ಗಂಟೆಗೆ ಸುಮಾರು 175 ಗ್ರಾಮ್ ನೀರಾವಿಯೂ ಹುಟ್ಟುತ್ತದೆ. 10 ಡಿಗ್ರಿಯಲ್ಲಿ ಈ ಕೋಣೆಯ ಗಾಳಿಯೆಲ್ಲ ಸೇರಿ ಹಿಡಿದಿಡಬಲ್ಲದ್ದು ಸುಮಾರು 140 ಗ್ರಾಮ್ ಮಾತ್ರ! ಹೊಗೆಕೊಳವೆಯಿಲ್ಲದ ಹೀಟರ್ ಇಟ್ಟವರ ಕಿಟಕಿ ಬೆಳಗ್ಗೆ ನೀರಿಳಿಸುವುದೇಕೆಂದು ಇದರಿಂದ ತಿಳಿಯುತ್ತದೆ.

ಕಿಟಕಿ ತೆರೆದರೆ ಶಾಖವೆಲ್ಲ ಹೋಗುವುದಿಲ್ಲವೇ? ಕಾರ್ಬನ್ ಡೈಆಕ್ಸೈಡನ್ನು ಶೇಕಡ ಅರ್ಧದೊಳಗೆ ಇರಿಸಲು ಗಂಟೆಗೆ ಸುಮಾರು 40 ಘನ ಮೀಟರ್ ಹೊಸ ಗಾಳಿ ಬೇಕು. ಅಷ್ಟು ಗಾಳಿಯ ದ್ರವ್ಯರಾಶಿ ಸುಮಾರು 50 ಕಿಲೋಗ್ರಾಮ್. ಅದನ್ನು 20 ಡಿಗ್ರಿ ಕಾಯಿಸಲು ಗಂಟೆಗೆ ಒಂದು ಮೆಗಾಜೂಲ್, ಅಂದರೆ ಸುಮಾರು 280 ವಾಟ್ ಸಾಕು. ಇದು ಹೀಟರಿನ ಸಾಮರ್ಥ್ಯದ ಐದನೆಯ ಒಂದು ಭಾಗಕ್ಕಿಂತ ಕಡಿಮೆ. ಮೊದಲಿನ 940 ವಾಟಿಗೆ ಇದನ್ನು ಸೇರಿಸಿದರೂ ಮೊತ್ತ 1500ರ ಒಳಗೇ ಇದೆ. ನೋವಾಯಾ ಜೆಮ್ಲ್ಯಾದಲ್ಲಿ ಹೊಗೆಗಂಡಿ ಮುಚ್ಚಿದವರು ಉಳಿಸಲು ಹೋದದ್ದು ಈ ಒಂದು ಪಾಲನ್ನು.

ಆಯ್ಕೆ

ಈ ಹಿನ್ನೆಲೆಯಲ್ಲಿ ಅಂಗಡಿಗೆ ಮರಳೋಣ. ಶಿಬಿರದಲ್ಲಿ ವಿದ್ಯುತ್ ಸಂಪರ್ಕವಿದ್ದರೆ ವಿದ್ಯುತ್ ಹೀಟರೇ ಮೇಲು. ಅದು ಕೋಣೆಯ ಗಾಳಿಯನ್ನು ಮುಟ್ಟುವುದಿಲ್ಲ. ಆದರೆ ಅದನ್ನು ಬ್ಯಾಟರಿಯಿಂದ ಓಡಿಸಲಾಗದು: 12 ವೋಲ್ಟಿನಲ್ಲಿ 1500 ವಾಟ್ ಎಂದರೆ 125 ಆಂಪಿಯರ್, 100 ಆಂಪಿಯರ್-ಗಂಟೆಯ ಬ್ಯಾಟರಿ ಒಂದು ಗಂಟೆಯೂ ಬಾರದು. ವಿದ್ಯುತ್ ಇಲ್ಲದ ಕಡೆ ರಾತ್ರಿಯಿಡೀ ಶಾಖ ಬೇಕಿದ್ದರೆ ಹೊರಗಿನ ಗಾಳಿಯಿಂದ ಉರಿದು ಹೊರಕ್ಕೆ ಹೊಗೆ ಬಿಡುವ ಹೀಟರು. ಕ್ರಿಯಾವರ್ಧಕ ಅಥವಾ ಪಿಂಗಾಣಿ ಫಲಕದ ಹೀಟರುಗಳನ್ನು ಎಚ್ಚರವಾಗಿರುವಾಗ, ಕಿಟಕಿ ತೆರೆದು ಮಾತ್ರ ಬಳಸಬೇಕು. ಮಲಗುವ ಮುನ್ನ ಆರಿಸಬೇಕು. ಯಾವುದನ್ನು ಆರಿಸಿದರೂ ಕಾರ್ಬನ್ ಮಾನಾಕ್ಸೈಡ್ ಪತ್ತೆಯ ಬ್ಯಾಟರಿ ಗಂಟೆಯೊಂದು ಗೋಡೆಯ ಮೇಲಿರಬೇಕು. ಇದ್ದಿಲ ಅಗ್ಗಿಷ್ಟಿಕೆಗಂತೂ ಮುಚ್ಚಿದ ಕೋಣೆಯಲ್ಲಿ ಸ್ಥಾನವೇ ಇಲ್ಲ.

ಇದು ದೂರದ ದೇಶಗಳ ಟ್ರೈಲರಿನ ಮಾತೆಂದು ನಾವು ಸುಮ್ಮನಿರುವಂತಿಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬ ಗಿರಿಧಾಮದಲ್ಲಿ ಕೇರಳದ ಎಂಟು ಪ್ರವಾಸಿಗರು, ಅವರಲ್ಲಿ ನಾಲ್ವರು ಮಕ್ಕಳು, ಗ್ಯಾಸ್ ಹೀಟರ್ ಇದ್ದ ಒಂದೇ ಕೋಣೆಯಲ್ಲಿ ಮಲಗಿ ಮತ್ತೆ ಏಳಲಿಲ್ಲ. ಬಾಗಿಲು, ಕಿಟಕಿಗಳು ಒಳಗಿನಿಂದ ಮುಚ್ಚಿದ್ದವು. ಚಳಿಗೆ ಒಗ್ಗದ ದಕ್ಷಿಣದವರು ಬೆಟ್ಟದ ಊರಿಗೆ ಹೋದಾಗ ಮೊದಲು ಮಾಡುವ ಕೆಲಸವೇ ಅದು.

ನಮ್ಮ ಊರುಗಳಲ್ಲಿ ಇದೇ ಲೆಕ್ಕ ಸ್ನಾನದ ಕೋಣೆಯ ಗ್ಯಾಸ್ ಗೀಸರಿಗೆ ಅನ್ವಯಿಸುತ್ತದೆ. ತಕ್ಷಣ ನೀರು ಕಾಯಿಸುವ ಇಂಥ ಗೀಸರಿನ ಸಾಮರ್ಥ್ಯ ಸುಮಾರು 12,000 ವಾಟ್. ಟ್ರೈಲರಿನ ಹೀಟರಿನ ಎಂಟು ಪಟ್ಟು. ಸ್ನಾನದ ಕೋಣೆಯ ಘನಗಾತ್ರ 7 ಘನ ಮೀಟರ್ ಎಂದಿಟ್ಟುಕೊಂಡು, ಕಿಟಕಿ ಮುಚ್ಚಿದ್ದರೆ ಆಕ್ಸಿಜನ್ ಶೇಕಡ 18ಕ್ಕೆ ಇಳಿಯಲು ಎಷ್ಟು ಹೊತ್ತು ಬೇಕೆಂದು ವಿದ್ಯಾರ್ಥಿಗಳಿಂದ ಲೆಕ್ಕ ಮಾಡಿಸಿ. ಉತ್ತರ ಐದಾರು ನಿಮಿಷ. ಗೀಸರನ್ನು ಸ್ನಾನದ ಕೋಣೆಯ ಹೊರಗೆ, ಗಾಳಿಯಾಡುವ ಕಡೆ ಜೋಡಿಸಬೇಕೆಂಬ ನಿಯಮದ ಅರ್ಥ ಆಗ ಅವರಿಗೆ ತಾನಾಗಿ ತಿಳಿಯುತ್ತದೆ. ಲೆಕ್ಕ ಮುಗಿದ ಮೇಲೆ ತಮ್ಮ ಮನೆಯ ಗೀಸರ್ ಎಲ್ಲಿದೆ ಎಂದು ನೋಡಿಕೊಂಡು ಬರಲು ಹೇಳಿ.